ಎಳೆ ಬಿಟ್ಟ ಶುಂಠಿ ಪಾನಕ

ಫೆಬ್ರವರಿ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಆರೂ ಮುಕ್ಕಾಲು. ಅಡುಗೆಮನೆಯ ಕಟ್ಟೆಯ ಮೇಲಿದ್ದ ಸ್ಟೀಲ್ ಡ್ರಮ್ಮಿನ ನಲ್ಲಿ ತಿರುಗಿಸಿ ಕೆಳಗೆ ಬಾಟಲಿ ಹಿಡಿದೆ. ಪಾನಕ ಸುರಿಯಲಿಲ್ಲ, ಇಳಿಯಿತು. ನಲ್ಲಿ ಬಂದ್ ಮಾಡಿದ ಮೇಲೂ ಬಾಟಲಿಯ ಬಾಯಿಗೂ ನಲ್ಲಿಗೂ ನಡುವೆ ಒಂದು ಎಳೆ ನಿಂತಿತ್ತು. ಬಾಟಲಿಯನ್ನು ಮೆಲ್ಲಗೆ ಕೆಳಗೆ ತಂದೆ. ಎಳೆ ಉದ್ದವಾಯಿತು, ಕಡಿಯಲಿಲ್ಲ. ಹೆಚ್ಚಿದ ಬೆಂಡೆಕಾಯಿಯಿಂದ ಚಾಕು ಎತ್ತಿದಾಗ ಬರುತ್ತದಲ್ಲ, ಅಂಥ ಎಳೆ.

ಹಿಂದೆ ನಿಂತಿದ್ದ ವೈನಿ ಬಗ್ಗಿ ನೋಡಿದರು. ಅಣ್ಣನ ಹೆಂಡತಿ. ಈ ಕೆಲಸದಲ್ಲಿ ನಾವಿಬ್ಬರೇ.

"ಇದೇನ ತಂಗಿ, ಶುಂಠಿ ಹಾಕೀವೋ ಬೆಂಡಿಕಾಯಿ ಹಾಕೀವೋ?"

ನಗಲಿಕ್ಕೆ ಹೋಗಿ ಅವರಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ನಾನು ಆ ಬಾಟಲಿ ಹಿಡಿದುಕೊಂಡೇ ನಿಂತಿದ್ದೆ.

ನಮ್ಮ ಮನೆ ಶಹಾಬಾದಿನಲ್ಲಿ. ವೈನಿ ಏಳು ವರ್ಷ ಊರ ಹೊರಗಿನ ಕಲ್ಲು ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡಿದರು. ಹೋದ ದೀಪಾವಳಿಗೆ ಹತ್ತಿದ ಕೆಮ್ಮು ಬಿಡಲಿಲ್ಲ. ಸರ್ಕಾರಿ ದವಾಖಾನೆಯ ಡಾಕ್ಟರ್ ಎದೆಯ ಫೋಟೊ ನೋಡಿ, ಇನ್ನು ಆ ದೂಳಿನಲ್ಲಿ ನಿಲ್ಲಬೇಡಿ ಎಂದರು. ಅಣ್ಣ ಕಲ್ಲಿನ ಲಾರಿ ಓಡಿಸುತ್ತಾನೆ, ಹತ್ತು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ಅವನೊಬ್ಬನ ದುಡಿಮೆಯಲ್ಲಿ ಮನೆ ನಡೆಯುವುದಿಲ್ಲ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನಾನೇ ವೈನಿಗೆ ಹೇಳಿದೆ: ದೂಳಿಲ್ಲದ ಕೆಲಸ ಒಂದು ಮಾಡೋಣ, ಹುದುಗಿಸಿದ ಶುಂಠಿ ಪಾನಕ. ಫೋನಿನಲ್ಲಿ ನೋಡಿ ಕಲಿತದ್ದು. ಕಾರ್ಖಾನೆಯಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಮಾತ್ರ ವಾರಕ್ಕೊಮ್ಮೆ ಸೈಕಲ್ ಮೋಟಾರು ನಿಲ್ಲಿಸಿ ಅಂಗಳದಿಂದಲೇ ಕೂಗಿ ಹೋಗುತ್ತಿದ್ದ: "ನಿನ್ನ ಜಾಗಾ ಹಂಗೇ ಇಟ್ಟೀನವ್ವ. ಶಿವರಾತ್ರಿ ತನಕ ನೋಡ್ತೀನಿ, ಆಮ್ಯಾಲ ಬ್ಯಾರೆದಾಕಿನ್ನ ತಗೋತೀನಿ."

ಪಾನಕ ನಿಂತರೆ ವೈನಿ ಆ ದೂಳಿಗೆ ವಾಪಸು. ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮಾಡುವ ಕ್ರಮ ಕಷ್ಟದ್ದಲ್ಲ. ಜಜ್ಜಿದ ಹಸಿಶುಂಠಿ, ಸಕ್ಕರೆ, ನೀರು ಭರಣಿಗೆ ಹಾಕಿ ದಿನಾ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋದರೆ ನಾಲ್ಕಾರು ದಿನಕ್ಕೆ ಗುಳ್ಳೆ ಏಳುತ್ತವೆ. ಮೊಸರಿಗೆ ಇರುವಂತೆ ಇದಕ್ಕೂ ಅದು ಹೆಪ್ಪು. ಆಮೇಲೆ ಶುಂಠಿ, ಬೆಲ್ಲ ಹಾಕಿ ನೀರು ಕುದಿಸಿ, ಆರಿಸಿ, ಡ್ರಮ್ಮಿಗೆ ಸುರಿದು ಹೆಪ್ಪು ಬೆರೆಸಿ ಬಟ್ಟೆ ಕಟ್ಟಬೇಕು. ನಮ್ಮ ಕಡೆಯ ಸೆಖೆಗೆ ಎರಡು ದಿನ ಸಾಕು. ನಲ್ಲಿಯಿಂದ ಬಾಟಲಿಗೆ ಹಿಡಿದು, ಬಿರಡೆ ಹಾಕಿ ಒಂದು ದಿನ ಇಟ್ಟರೆ ಒಳಗೆ ಗ್ಯಾಸು ತುಂಬುತ್ತದೆ. ಅಷ್ಟರಲ್ಲಿ ತಣ್ಣಗಿಟ್ಟುಬಿಡಬೇಕು. ತಡ ಮಾಡಿದರೆ ಬಾಟಲಿ ಸಿಡಿಯುತ್ತದೆ, ಇಲ್ಲವೆ ಅವ್ವನಿಗೆ ಬೇರೆ ವಾಸನೆ ಬರುತ್ತದೆ.

"ಒಂದ್ ಕಡಿ ಲಿಂಗಪೂಜಿ, ಒಂದ್ ಕಡಿ ನಿಮ್ಮ ಡ್ರಮ್ಮು ಗುಳುಗುಳು ಅಂತದ," ಎಂದು ಅವ್ವ ಮೊದಲ ದಿನವೇ ಹೇಳಿದ್ದಳು. "ಮಗ್ಗಲ ಮನ್ಯಾಕಿ ಮೂಗು ಏರಿಸ್ಕೊಂಡು ಹೋಗ್ಲಿಕತ್ತಾಳ. ಶೆರೆ ಮಾಡ್ಲಿಕತ್ತಾರಂತ ಊರೆಲ್ಲ ಆಗ್ತದ ನೋಡು."

ಡಿಸೆಂಬರಿನಿಂದ ಆ ಹೊತ್ತಿನವರೆಗೆ ಎಲ್ಲ ಸರಿ ಇತ್ತು. ನನ್ನ ಡೈರಿಯಲ್ಲಿ ಎರಡು ಕಾಲಂ: ಒಳ್ಳೆಯದು, ಕೆಟ್ಟದ್ದು. ಎರಡನೆಯದು ಖಾಲಿ ಇತ್ತು. ಮಂಗಳವಾರ ಅದರಲ್ಲಿ ಮೊದಲ ಗೆರೆ ಎಳೆದೆ.

ಹತ್ತು ಗಂಟೆಗೆ ಸೇಡಂನಿಂದ ಫೋನು ಬಂತು. ಬಸ್ ನಿಲ್ದಾಣದ ಹತ್ತಿರ ತಂಪು ಪಾನೀಯದ ಅಂಗಡಿ ಇಟ್ಟವರು, ನಮ್ಮ ಪಾನಕಕ್ಕೆ ಫ್ರಿಜ್ಜಿನಲ್ಲಿ ಒಂದು ಸಾಲು ಬಿಟ್ಟುಕೊಟ್ಟವರು. ಭಾನುವಾರವಷ್ಟೇ ಒಂದು ಕ್ರೇಟು ಕೊಟ್ಟು ಬಂದಿದ್ದೆ.

"ತಂಗಿ, ನಿಮ್ಮ ಅದ್ರಕ್ ಸೋಡಾ ಗಿರಾಕಿ ಗ್ಲಾಸಿಗಿ ಸುರುವಿದ. ಅದು ಬರಲಿಕ್ಕೇ ಒಲ್ಲೆ ಅಂತದ. ಸ್ಟ್ರಾ ಹಾಕಿ ಎತ್ತಿದ್ರ ಸ್ಟ್ರಾದ ಜೋಡಿ ಎದ್ದು ಬರ್ತದ. ನಾಕ್ ಮಂದಿ ನಿಂತು ನೋಡ್ಲಿಕತ್ತಾರ. ಅವ್ರೆಲ್ಲರ ಎದುರಿಗಿ ನೀ ಮೊದಲು ಕುಡಿ ಅಂದ ನನಗ."

"ಕುಡಿದ್ರೇನ್ರಿ?"

"ಕುಡೀಲಾರದೆ? ದುಕಾನ ನಂದಲ್ಲೇನು. ರುಚಿ ಛಲೋ ಅದ. ಆದ್ರ ಗಂಟಲಾಗಿಂದ ಇನ್ನಾ ಇಳೀಲಿಕತ್ತದ."

ಮರುದಿನ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಉಳಿದ ಬಾಟಲಿಗಳನ್ನು ವಾಪಸು ತಂದೆ. ಅಂಗಡಿಯವರು ಜಗಳ ಮಾಡಲಿಲ್ಲ. ಖಾಲಿಯಾದ ಸಾಲನ್ನು ಒರೆಸುತ್ತಾ ಹೇಳಿದರು: "ಶಿವರಾತ್ರಿ ಆತಂದ್ರ ಬಿಸಲ ಸುರು. ಶಿವರಾತ್ರಿ ಮರುದಿನ ತನಕ ಈ ಸಾಲು ನಿಮ್ದು. ಆಮ್ಯಾಲ ಕಂಪನಿಯವರು ಬಂದು ಕುಂದ್ರತಾರ್ರಿ, ನಾ ಇಲ್ಲ ಅನ್ನಲಿಕ್ಕಾಗಲ್ಲ." ಎರಡು ವಾರ ಇತ್ತು. ವಾಡಿಯಲ್ಲಿ ರೈಲು ಬದಲಿಸುವಾಗ ಬಾಯಿ ಒಣಗಿ ಒಂದು ನೀರಿನ ಬಾಟಲಿ ಕೊಂಡೆ. ಈ ಬಾಟಲಿಯ ಮಾತು ಆಮೇಲೆ ಬರುತ್ತದೆ.

ಲೋಳೆ ಯಾಕೆ ಬರುತ್ತದೆ ಎಂದು ಹುಡುಕಿದೆ. ಸಿಕ್ಕಿದ್ದರಲ್ಲಿ ಒಂದು ಮಾತು ಎಲ್ಲ ಕಡೆ ಒಂದೇ ಇತ್ತು. ಬೇಡದ ಸೂಕ್ಷ್ಮಜೀವಿ ಸಕ್ಕರೆ ತಿಂದು ಲೋಳೆ ಕಟ್ಟುತ್ತದೆ. ಅದು ಪಾತ್ರೆಯಲ್ಲಿ ಉಳಿಯುತ್ತದೆ. ಪಾತ್ರೆ ಸ್ವಚ್ಛ ಮಾಡು. ಮೊದಲು ತೊಳೆದು ಕೊಳೆ ತೆಗೆ, ಆಮೇಲೆ ಜೀವಿ ಕೊಲ್ಲು, ಎರಡೂ ಬೇರೆ ಬೇರೆ ಕೆಲಸ ಎಂದೂ ಬರೆದಿತ್ತು. ಓದಿ ತಲೆಯಾಡಿಸಿದೆ. ನಾವು ತೊಳೆದೇ ತೊಳೆಯುತ್ತೇವೆ ಎಂದುಕೊಂಡು ಮುಂದಿನ ಸಾಲಿಗೆ ಹೋದೆ.

ಗುರುವಾರ ವೈನಿ ಮತ್ತು ನಾನು ಡ್ರಮ್ಮನ್ನು ಅಂಗಳಕ್ಕೆ ಇಳಿಸಿದೆವು. ಅದು ವೈನಿಯ ತವರು ತೆಂಗಳಿಯಿಂದ ಮದುವೆಯಲ್ಲಿ ಬಂದದ್ದು. ಪಾನಕಕ್ಕೆ ಮೊದಲು ಅದರಲ್ಲಿ ಕುಡಿಯುವ ನೀರು ಇರುತ್ತಿತ್ತು. ಸೋಪಿನ ಪುಡಿ ಹಾಕಿ ತಿಕ್ಕಿದೆವು, ಬೂದಿಯಿಂದ ಇನ್ನೊಮ್ಮೆ ತಿಕ್ಕಿದೆವು, ಕುದಿಯುವ ನೀರು ಸುರಿದೆವು. ಪರಸಿಯ ಮೇಲೆ ಬೋರಲು ಹಾಕಿ ಬಿಸಿಲಿಗೆ ಒಣಗಿಸಿದೆವು. ಹೊಸ ಪಾನಕ ಹಾಕಿದೆ. ಶನಿವಾರ ನಲ್ಲಿ ತಿರುಗಿಸಿದಾಗ ಅದೇ ಎಳೆ.

ಇಡೀ ಡ್ರಮ್ಮು ಬಚ್ಚಲಿಗೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಬೆಲ್ಲ ಬಚ್ಚಲಿಗೆ ಹೋಗುವಾಗ ಅವಳ ಮುಖ ನೋಡಲಿಕ್ಕೆ ನನಗಾಗಲಿಲ್ಲ.

ಹೆಪ್ಪು ಕೆಟ್ಟಿದೆ ಎಂದು ತೀರ್ಮಾನಿಸಿದೆ. ಡಿಸೆಂಬರಿನಿಂದ ದಿನಾ ಉಣಿಸಿ ಬೆಳೆಸಿದ ಹೆಪ್ಪು. ಅದನ್ನೂ ಚೆಲ್ಲಿ, ಚಿಂಚೋಳಿ ಕಡೆಯಿಂದ ಸಂತೆಗೆ ಬರುವ ಹೊಸ ಶುಂಠಿ ತಂದು ಹೊಸದು ಕಟ್ಟಿದೆ. ಅದು ಎದ್ದು ನಿಲ್ಲುವವರೆಗೆ ಕೈಕಟ್ಟಿ ಕೂರುವಂತಿರಲಿಲ್ಲ. ಡ್ರಮ್ಮಿಗೆ ಈ ಸಲ ಬ್ಲೀಚಿಂಗ್ ಪೌಡರ್ ಹಾಕಿದೆ. ನಮ್ಮೂರಲ್ಲಿ ಬಾವಿಗೆ ಅದೇ, ಗಟಾರಿಗೆ ಅದೇ, ಜ್ವರ ಬಂದವರ ಮನೆಯ ಮುಂದೆ ಅದೇ. ನೀರಲ್ಲಿ ಕಲಸಿ ಡ್ರಮ್ಮಿನ ತುಂಬ ನಿಲ್ಲಿಸಿದೆ, ನಲ್ಲಿಯಿಂದ ಒಂದಿಷ್ಟು ಬಿಟ್ಟೆ, ಬಟ್ಟೆ ಅದ್ದಿದೆ. ಆಮೇಲೆ ಬೋರಿನ ನೀರು ಕುದಿಸಿ ತೊಳೆದೆ. ಒಳಗೆಲ್ಲ ಬೆಳ್ಳಗೆ ಕಂಡಿತು. ಬೆಳ್ಳಗಿದ್ದದ್ದು ನೋಡಿ ನನಗೆ ಸಮಾಧಾನವೇ ಆಯಿತು.

ಇಪ್ಪತ್ತನೇ ತಾರೀಖು ಗುರುವಾರ ಹೊಸ ಹೆಪ್ಪಿನಿಂದ ಹೊಸ ಪಾನಕ. ಈ ಸಲ ಬರೀ ಡ್ರಮ್ಮನ್ನು ನಂಬಲಿಲ್ಲ. ಮನೆಯಲ್ಲಿದ್ದ ಐದು ಗಾಜಿನ ಭರಣಿ ತೆಗೆದು ಒಂದೊಂದಕ್ಕೂ ಒಂದೊಂದು ಬದಲಾವಣೆ ಮಾಡಿದೆ. ಒಂದಕ್ಕೆ ಬೆಲ್ಲದ ಬದಲು ಸಕ್ಕರೆ. ಒಂದಕ್ಕೆ ಹೊಸ ಬಟ್ಟೆ. ಒಂದರದ್ದು ಎರಡು ಸಲ ಕುದಿಸಿದ್ದು. ಹೀಗೆ. ಯಾವುದು ಕೆಡದೆ ಉಳಿಯುತ್ತದೋ ಅದರಿಂದ ಕಳ್ಳ ಸಿಗುತ್ತಾನೆ. ಎಲ್ಲವನ್ನೂ ಡೈರಿಗೆ ಏರಿಸಿದೆ. ಪಾತ್ರೆಯ ತಳದಲ್ಲಿ ಸ್ವಲ್ಪ ಪಾನಕ ಮಿಕ್ಕಿತ್ತು. ಚೆಲ್ಲಲು ಮನಸ್ಸಾಗದೆ ವಾಡಿಯಲ್ಲಿ ಕೊಂಡಿದ್ದ ನೀರಿನ ಬಾಟಲಿಗೆ ಸುರಿದು ಗೂಡಿನಲ್ಲಿಟ್ಟೆ. ಅದನ್ನು ಬರೆದುಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ಡ್ರಮ್ಮು ಎಳೆ ಬಿಟ್ಟಿತು. ಭರಣಿಗಳನ್ನು ಒಂದೊಂದಾಗಿ ಬಗ್ಗಿಸಿದೆ. ಐದಕ್ಕೆ ಐದೂ. ಹೊಸ ಹೆಪ್ಪು, ಹೊಸ ಬಟ್ಟೆ, ಹೊಸ ಶುಂಠಿ, ಹೊಸ ಔಷಧ. ಲೋಳೆ ಮಾತ್ರ ಹಳೆಯದೇ. ಡೈರಿ ತೆರೆದೆ, ಏನು ಬರೆಯಬೇಕೆಂದು ತಿಳಿಯದೆ ಮುಚ್ಚಿದೆ. ಶಿವರಾತ್ರಿಗೆ ಇನ್ನು ನಾಲ್ಕು ದಿನ. ಆ ದಿನ ಊಟದ ಹೊತ್ತಿನಲ್ಲಿ ಮುಕಾದಮನ ಸೈಕಲ್ ಮೋಟಾರು ಬಂತು. ಅವನು ಕೂಗುವ ಮೊದಲೇ ವೈನಿ ಒಳಗಿನಿಂದ, "ಗೊತ್ತದ ಹೋಗ್ರಿ, ಶಿವರಾತ್ರಿ ಇನ್ನಾ ಬಂದಿಲ್ಲ!" ಎಂದು ಕೂಗಿದರು. ಅವನು ನಕ್ಕುಕೊಂಡು ಹೋದ.

ಸಂಜೆ ನಾನು ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದೆ. ವೈನಿ ಗೂಡಿನಿಂದ ಆ ನೀರಿನ ಬಾಟಲಿ ತೆಗೆದರು. ಬಿಗಿದು ಕಲ್ಲಾಗಿತ್ತು. ಬಿರಡೆ ತಿರುವಿದೊಡನೆ ಬುಸ್ಸೆಂದಿತು. ಎತ್ತಿ ಗಟಗಟ ಕುಡಿದರು.

"ಯಾಕ ಮಾರಿ ಹಂಗ ಮಾಡೀದಿ? ಇದು ಛಲೋ ಅದಲ್ಲ!"

"ಯಾವುದು?"

"ಇದು. ಕಚಕಚ ಅಂತ ಗಂಟಲಾಗ ಇಳೀತು. ಎಳೀನೂ ಇಲ್ಲ, ಗಿಳೀನೂ ಇಲ್ಲ."

ಕಸಿದುಕೊಂಡು ಲೋಟಕ್ಕೆ ಬಗ್ಗಿಸಿದೆ. ಹನಿಹನಿಯಾಗಿ, ಸದ್ದು ಮಾಡುತ್ತಾ ಬಿತ್ತು. ಅದೇ ಹೆಪ್ಪು, ಅದೇ ಬೆಲ್ಲ, ಅದೇ ದಿನ. ಬಾಟಲಿಯನ್ನೂ ಭರಣಿಯೊಂದನ್ನೂ ಪಕ್ಕಪಕ್ಕ ಹಿಡಿದು ಕಿಟಕಿಯ ಬೆಳಕಿಗೆ ನೋಡಿದೆ. ಬಾಟಲಿ ಹೊಸದು, ತೆಳ್ಳಗೆ, ಆಚೆ ಬದಿಯ ಬೇವಿನ ಗಿಡ ಕಾಣುತ್ತಿತ್ತು. ಭರಣಿಯ ಒಳಮೈಗೆ ಒಂದು ಬಿಳಿ ಪೊರೆ. ಅದರಾಚೆ ಗಿಡ ಮಂಜಾಗಿ ಕಂಡಿತು. ಮನೆಯಲ್ಲಿ ನೀರು ಕಂಡ ಎಲ್ಲ ಪಾತ್ರೆಗೂ ಆ ಪೊರೆ ಇದೆ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಆದ್ದರಿಂದ ಯಾವತ್ತೂ ನೋಡಿರಲಿಲ್ಲ.

ನಮ್ಮ ನೆಲವೇ ಸುಣ್ಣದ ಕಲ್ಲು. ನೀರು ಅದರೊಳಗಿಂದ ಬರುತ್ತದೆ. ಕುದಿಸಿದರೆ ಕಲ್ಲನ್ನು ಪಾತ್ರೆಗೆ ಬಿಟ್ಟು ಹೋಗುತ್ತದೆ. ಹಬ್ಬ ಬಂದರೆ ಹಿತ್ತಾಳೆ ಕೊಡ, ತಾಮ್ರದ ಹಂಡೆ ಎಲ್ಲಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿ ಬಂಗಾರ ಮಾಡುತ್ತೇವೆ, ಹೊರಗೆ. ಒಳಗೆ ಕೈಯಾಡಿಸಿ ನೀರು ಚೆಲ್ಲುತ್ತೇವೆ. ಒಳಗಿದ್ದದ್ದು ಕುಡಿಯುವ ನೀರು, ಅದಕ್ಕೇನು ಹೊಲಸು?

"ಅದು ಹೊಲಸಲ್ಲ, ನೀರಿನ ಕಲಿ," ಎಂದಳು ಅವ್ವ, ಕೇಳಿದ್ದಕ್ಕೆ. "ನಮ್ಮತ್ತಿ ಕಾಲದಿಂದ ಅದ. ಅದನ್ನ ತಿಕ್ಕಿ ತಿಕ್ಕಿ ಪಾತ್ರಿ ತೂತು ಮಾಡ್ತಿಯೇನು?"

ಚಮಚದ ತುದಿಯಿಂದ ಡ್ರಮ್ಮಿನ ಒಳಗೆ ನಲ್ಲಿಯ ಹತ್ತಿರ ಕೆರೆದೆ. ಮೊಟ್ಟೆಯ ಸಿಪ್ಪೆಯಂತೆ ಒಂದು ಚೂರು ಎದ್ದು ಬಂತು. ಬೆರಳಿಟ್ಟರೆ ಅದರ ಅಡಿಬದಿ ಜಾರುತ್ತಿತ್ತು. ನನ್ನ ಸೋಪು, ಬೂದಿ, ಕುದಿನೀರು ಎಲ್ಲ ಆ ಸಿಪ್ಪೆಯ ಮೇಲೆ ಹರಿದು ಹೋಗಿದ್ದವು. ಬ್ಲೀಚಿಂಗ್ ಪೌಡರಿನಲ್ಲೂ ಸುಣ್ಣವೇ ಇರುತ್ತದೆ. ನಾನು ಹತ್ತು ದಿನ ಪೊರೆಯ ಮೇಲೆ ಇನ್ನೊಂದು ಪೊರೆ ಬಳಿದು, ಬೆಳ್ಳಗಾಯಿತೆಂದು ಸಂತೋಷಪಟ್ಟಿದ್ದೆ.

ಇಲ್ಲಿಯವರೆಗೆ ಬರೆದದ್ದು ಬೆಲ್ಲದ ನಷ್ಟ. ಮುಂದಿನದು ಬೇರೆ.

ಸುಣ್ಣ ಕರಗಲು ಹುಳಿ ಬೇಕು. ಕಿರಾಣಿ ಅಂಗಡಿಯಿಂದ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ತಂದೆ. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಡ್ರಮ್ಮನ್ನು ಅಂಗಳಕ್ಕೆ ಇಳಿಸಿದೆವು. ಶನಿವಾರ ಬೆಳಿಗ್ಗೆ ಪಾನಕ ಚೆಲ್ಲಿದ ಸಿಟ್ಟಿನಲ್ಲಿ ಡ್ರಮ್ಮಿಗೆ ಮತ್ತೆ ಬ್ಲೀಚಿಂಗ್ ನೀರು ತುಂಬಿಟ್ಟಿದ್ದೆ. ಸಂಜೆ ಕೆರೆದು ನೋಡುವ ಮೊದಲು ಮೇಲಿನದನ್ನು ಬಸಿದಿದ್ದೆ, ತಳದ ಗಸಿ ಹಾಗೇ ಬಿಟ್ಟೆ. ಎರಡು ಔಷಧ ಕೂಡಿದರೆ ಜೋರಾಗಿ ಹಿಡಿಯುತ್ತದೆ ಎಂದೇ ನನ್ನ ಲೆಕ್ಕ. ಡ್ರಮ್ಮಿನ ತಳಕ್ಕೆ ನನ್ನ ಕೈ ಮುಟ್ಟುವುದಿಲ್ಲ. ವೈನಿ, "ಸರಿ, ಗಿಡ್ಡಿ," ಎಂದು ನನ್ನನ್ನು ಬದಿಗೆ ತಳ್ಳಿ ಮಂಡಿಯೂರಿ, ಬ್ರಷ್ ಹಿಡಿದು ತಲೆ, ಭುಜ ಒಳಗೆ ಹಾಕಿದರು. ನಾನು ನಿಂಬೆ ಉಪ್ಪು ಕರಗಿಸಿದ ಬಿಸಿನೀರು ಒಂದು ಬದಿಯಿಂದ ಸುರಿದೆ.

ಉಕ್ಕಿತು. ಸೋಡಾದಂತೆ ಸುಂಯ್ ಎಂದು ಉಕ್ಕಿತು. "ಕರಗ್ಲಿಕತ್ತದ ವೈನಿ, ಕರಗ್ಲಿಕತ್ತದ!" ಎಂದು ನಾನು ಕೂಗಿದೆ. ಆ ಖುಷಿಯಲ್ಲಿ ಇನ್ನಷ್ಟು ಸುರಿದೆ.

ಆಮೇಲೆ ವಾಸನೆ ಬಂತು. ಮೂಗಿಗೆ ಸೂಜಿ ಚುಚ್ಚಿದ ಹಾಗೆ. ನಾನು ಹಿಂದೆ ಸರಿದೆ. ವೈನಿಗೆ ಸರಿಯಲಾಗಲಿಲ್ಲ. ಡ್ರಮ್ಮಿನೊಳಗಿಂದ ಕೆಮ್ಮು ಕೇಳಿತು, ಬ್ರಷ್ ಬಿದ್ದ ಸದ್ದು ಕೇಳಿತು. ಸೊಂಟ ಹಿಡಿದು ಎಳೆದೆ. ಹೊರಬಂದವರ ಬಾಯಿ ತೆರೆದೇ ಇತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಕಣ್ಣಿಂದ ನೀರು. ಪರಸಿಯ ಮೇಲೆ ಕೂತು ಎರಡೂ ಕೈ ನೆಲಕ್ಕೂರಿದರು. ಅವ್ವ ಒಳಗಿನಿಂದ ಓಡಿ ಬಂದಳು. "ಏನ್ ಕುಡಿಸಿದಿ ಆಕಿಗಿ? ಏನ್ ಕುಡಿಸಿದಿ?" ಎನ್ನುವುದು ಬಿಟ್ಟರೆ ಅವಳ ಬಾಯಿಗೆ ಬೇರೆ ಮಾತು ಬರಲಿಲ್ಲ.

ಆಟೋ ಸಿಕ್ಕಿತು. ದವಾಖಾನೆಯಲ್ಲಿ ಮೂಗಿಗೆ ಗಾಳಿಯ ಮುಖವಾಡ ಹಾಕಿದರು. ಡ್ಯೂಟಿಯ ಡಾಕ್ಟರಮ್ಮ ನನ್ನ ಕೈಯ ವಾಸನೆ ನೋಡಿಯೇ ತಿಳಿದುಕೊಂಡರು.

"ಬ್ಲೀಚಿಂಗ್‌ನಾಗ ಹುಳಿ ಹಾಕಿದಿ ಏನವ್ವ?"

"ಹ್ಞೂಂರಿ."

"ವಿಷದ ಗಾಳಿ ಬರ್ತದ ಅದರಿಂದ. ಸಾದಾ ಮನುಷ್ಯಾರೇ ತಡಿಯಲ್ಲ. ಈ ಎದಿ ಇಟ್ಕೊಂಡಾಕಿ ಮಾರಿ ಮುಂದ ಹಾಕ್ತಾರೇನು?"

ಒಂದು ದಿನ ಅಲ್ಲೇ ಇಟ್ಟುಕೊಂಡರು. ನಾನು ವರಾಂಡದ ಬೆಂಚಿನ ಮೇಲೆ ಕೂತಿದ್ದೆ. ಏಳು ವರ್ಷದ ದೂಳು ಮಾಡದೆ ಬಿಟ್ಟದ್ದನ್ನು ನಾನು ಒಂದು ಚೊಂಬು ಹುಳಿಯಲ್ಲಿ ಮಾಡುವವಳಿದ್ದೆ, ಅದೂ ದೂಳಿನಿಂದ ತಪ್ಪಿಸುತ್ತೇನೆ ಎಂದು ಹೊರಟು.

ಸೋಮವಾರ ಬೆಳಿಗ್ಗೆ ವೈನಿ ಎದ್ದು ಕೂತು ಚಹಾ ಕುಡಿಯುತ್ತಿದ್ದರು. ದನಿ ಕೂತು ಹೋಗಿತ್ತು. ನಾನು ಹೇಳಿದೆ, ಡ್ರಮ್ಮು ಗುಜರಿಗೆ ಹಾಕುತ್ತೇನೆ, ಇನ್ನು ಇದರ ಸುದ್ದಿ ಬೇಡ.

ಅವರು ಚಹಾ ಕೆಳಗಿಟ್ಟರು. "ಬಿಡ್ತೀನಿ ಅನ್ನೂದು ನಿನಗ ಸಸ್ತಾ ಅದ ತಂಗಿ. ನೀ ಬಿಟ್ಟು ಮನ್ಯಾಗ ಕುಂದ್ರತಿ. ನಾ ಬಿಟ್ಟು ಎಲ್ಲಿಗಿ ಹೋಗ್ಬೇಕು, ಹೇಳು?"

ನಾನು ಅವರ ಚಹಾ ಎತ್ತಿ ಮತ್ತೆ ಕೈಗೆ ಕೊಟ್ಟೆ.

"ನಿನ್ನ ಗಾಳಿ ಒಂದ್ ದಿನದ್ದು. ಅಲ್ಲೀದು ದಿನಾ. ಆ ಎರಡು ಕೂಡಿದ್ರ ವಿಷ ಅಂತ ಹೇಳ್ಯಾರ, ಕೂಡಸಬ್ಯಾಡ. ಅಷ್ಟ."

ಮನೆಗೆ ಬಂದವಳು ಮೊದಲು ಬ್ಲೀಚಿಂಗ್ ಪೌಡರಿನ ಡಬ್ಬಿಯನ್ನು ಮನೆಯಿಂದ ಹೊರಗೆ ಹಾಕಿದೆ. ಇನ್ನು ಯಾವ ಔಷಧವೂ ಇಲ್ಲ; ಹುಳಿ ಮತ್ತು ಬೆಂಕಿ, ಎರಡೇ. ವೈನಿ ಡ್ರಮ್ಮನ್ನು ಮುಟ್ಟುವಂತಿಲ್ಲ. ಅವರು ಬೇವಿನ ಕೆಳಗೆ, ಡ್ರಮ್ಮಿನ ಗಾಳಿ ಬೀಸದ ಕಡೆ ಮಂಚ ಹಾಕಿಸಿಕೊಂಡು ಕೂತರು. ಅಲ್ಲಿಂದಲೇ ಹುಕುಂ.

ಡ್ರಮ್ಮಿಗೆ ಐದಾರು ಸಲ ಬರೀ ನೀರು ಹಾಕಿ, ವಾಸನೆ ಪೂರ್ತಿ ಹೋಗುವವರೆಗೆ ಚೆಲ್ಲಿದೆ. ಆಮೇಲೆ ನಿಂಬೆ ಉಪ್ಪಿನ ಬಿಸಿನೀರು. ಗುಳ್ಳೆ ನಿಲ್ಲುವವರೆಗೆ ಕಾದೆ, ಚೆಲ್ಲಿ ಮತ್ತೆ ಹಾಕಿದೆ. ಮೂರನೆಯ ಸಲಕ್ಕೆ ಗುಳ್ಳೆ ಏಳಲಿಲ್ಲ. ಒಳಗೆ ಸ್ಟೀಲು ಕಂಡಿತು. ಮದುವೆಯ ವರ್ಷದ ನಂತರ ಆ ಸ್ಟೀಲನ್ನು ಯಾರೂ ಕಂಡಿರಲಿಕ್ಕಿಲ್ಲ. ಆಗ ಕೋಲಿಗೆ ಬ್ರಷ್ ಕಟ್ಟಿ ಸೋಪು ಹಾಕಿ ತಿಕ್ಕಿದೆ. ಲೋಳೆ ಈಗ ಬಂತು, ಬೂದು ಬಣ್ಣದ್ದು.

"ನಲ್ಲಿ ಬಿಚ್ಚಿದಿ?" ಮಂಚದಿಂದ ದನಿ.

ನಲ್ಲಿಯನ್ನು ಯಾರೂ ಯಾವತ್ತೂ ಬಿಚ್ಚಿರಲಿಲ್ಲ. ನಟ್ಟು ತಿರುವುವ ಪಾನಾ ಹಾಕಿದರೂ ಅಲುಗಲಿಲ್ಲ, ಸುಣ್ಣವೇ ಹಿಡಿದುಕೊಂಡಿತ್ತು. ಹುಳಿನೀರಲ್ಲಿ ಬಟ್ಟೆ ಅದ್ದಿ ಸುತ್ತಿಟ್ಟು, ಮಧ್ಯಾಹ್ನ ಮತ್ತೆ ತಿರುವಿದೆ. ಬಂತು. ಒಳಗಿನ ದಾರಿ ಬೆರಳಿನಷ್ಟು ಇರಬೇಕಾದದ್ದು ಪೆನ್ಸಿಲಿನಷ್ಟಿತ್ತು. ರಬ್ಬರ್ ಉಂಗುರದ ಕೆಳಗೆ ತೆಗೆದದ್ದನ್ನು ಒಂದು ಎಲೆಯ ಮೇಲಿಟ್ಟು ವೈನಿಗೆ ತೋರಿಸಿದೆ. ನೋಡಿ ಸೆರಗು ಮೂಗಿಗೆ ಹಿಡಿದರು. "ಇದರಾಗ ಹಾಯ್ದು ಬಂದದ್ದು ಸೇಡಂನವರು ಕುಡದಾರೇನ? ಪಾಪ, ಅಂವಗ ಇನ್ನಾ ಗಂಟಲಾಗ ಇಳೀಲಿಕತ್ತಿರ್ತದ!"

ಕೊನೆಯ ತೊಳೆತವೇ ಕಷ್ಟದ ಪ್ರಶ್ನೆ. ಕುದಿಯುವ ನೀರು ಹಾಕಿದರೆ ಮತ್ತೆ ಸುಣ್ಣ. ಅದಕ್ಕೆ ಆ ನೀರಿಗೇ ಚಿಟಿಕೆ ನಿಂಬೆ ಉಪ್ಪು ಹಾಕಿ ಕುದಿಸಿ ಸುರಿದೆ, ಮುಚ್ಚಳ ಹಾಕಿ ಆವಿಯಲ್ಲಿ ಬಿಟ್ಟೆ, ನಲ್ಲಿಯ ತುಂಡುಗಳನ್ನು ಕುದಿಸಿದೆ. ಅಂಗಳದ ಪರಸಿಯ ಮೇಲೆ ಬೋರಲು ಹಾಕಲಿಲ್ಲ, ಅದೂ ಸುಣ್ಣದ ಕಲ್ಲೇ. ಸಂಜೆ ಪಾನಕ ಹಾಕಿ ಬಟ್ಟೆ ಕಟ್ಟಿದೆ. ಹೆಪ್ಪು, ನೀರಿನ ಬಾಟಲಿಯಲ್ಲಿ ಉಳಿದಿದ್ದ ಆ ಗುಟುಕಿನಿಂದಲೇ ಕಟ್ಟಿದ್ದು.

ಬುಧವಾರ ಶಿವರಾತ್ರಿ. ಮನೆಯಲ್ಲಿ ಎಲ್ಲರಿಗೂ ಉಪವಾಸ. ಸಂಜೆ ದೀಪ ಹಚ್ಚುವ ಮೊದಲು ನಲ್ಲಿ ತಿರುಗಿಸಿದೆ. ಪಾನಕ ಬಾಟಲಿಗೆ ಸದ್ದು ಮಾಡುತ್ತಾ ಬಿತ್ತು. ಬಂದ್ ಮಾಡಿದೆ. ಕೊನೆಯ ಹನಿ ಕಡಿದು ಬಿತ್ತು. ವೈನಿ ನಲ್ಲಿಗೆ ಕೈ ಮುಗಿದರು. ಅವ್ವ ಅದನ್ನು ನೋಡಿ, "ಅಲ್ಲಿ ಅಲ್ಲ ಲಿಂಗ, ಇಲ್ಲಿ ಅದ ಬಾ," ಎಂದಳು.

ಗುರುವಾರ ಮಧ್ಯಾಹ್ನದ ಗಾಡಿಗೆ ಎರಡು ಡಜನ್ ಬಾಟಲಿ ಹೊತ್ತು ಸೇಡಂಗೆ ಹೋದೆ. ಫ್ರಿಜ್ಜಿನ ಸಾಲು ಖಾಲಿಯೇ ಇತ್ತು. ಅಂಗಡಿಯವರು ಕ್ರೇಟಿನಿಂದ ತಮಗೆ ಬೇಕಾದ ಬಾಟಲಿ ತಾವೇ ಆರಿಸಿ ತೆಗೆದರು. ಗ್ಲಾಸಿಗೆ ಸುರಿದು, ಎತ್ತಿ ಬೆಳಕಿಗೆ ಹಿಡಿದು, ಕುಡಿದರು. "ಮಸ್ತ್ ಅದ." ಎರಡನೆಯದೂ ಹಾಗೇ. ನಾನು ಉಸಿರು ಬಿಟ್ಟೆ. ಮೂರನೆಯದನ್ನು ಬಗ್ಗಿಸಿದರು. ಬಾಟಲಿ ನೆಟ್ಟಗೆ ಮಾಡಿದ ಮೇಲೂ ಗ್ಲಾಸಿಗೂ ಅದಕ್ಕೂ ನಡುವೆ ಎಳೆ ನಿಂತಿತ್ತು. ಸಣ್ಣದು, ಕೂದಲಿನಷ್ಟು.

ನಾವಿಬ್ಬರೂ ಅದನ್ನೇ ನೋಡಿದೆವು.

"ಎರಡು ಛಲೋ ಅವಲ್ರಿ," ಎಂದೆ.

"ಅವ. ಯಾವ ಎರಡು ಅಂತ ಗಿರಾಕಿಗಿ ನಾ ಹೆಂಗ ಹೇಳ್ಲಿ ತಂಗಿ?"

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಒಳ್ಳೆಯ ಎರಡು ಬಾಟಲಿಯ ಮಿಕ್ಕಿದ್ದನ್ನು ನನಗೇ ಕುಡಿಸಿ, ಗಾಡಿಗೆ ಹೊತ್ತಾಯಿತೆಂದು ಕಳಿಸಿದರು. "ಸಾಲು ಇನ್ನ ಕಂಪನಿಯವರಿಗಿ. ಆದ್ರ ಯುಗಾದಿಗಿ ಒಂದು ಕ್ರೇಟು ತಾ. ಡಜನ್‌ಕ್ಕ ಡಜನ್ ಛಲೋ ಬಂದ್ರ, ಮ್ಯಾಲಿನ ಸಾಲಿನಾಗ ನಂದು ಸಾಮಾನು ಅದ, ಅದನ್ನ ತಗದು ನಿಮಗ ಕೊಡ್ತೀನಿ."

ಶುಕ್ರವಾರ ಬೆಳಿಗ್ಗೆ ವೈನಿ ಬುತ್ತಿ ಕಟ್ಟಿಕೊಂಡರು. ಮುಖಕ್ಕೆ ಹಳೆಯ ಸೀರೆಯ ತುಂಡು ಎರಡು ಮಡಿಕೆ. ನಾನು ಬಾಗಿಲಿಗೆ ಅಡ್ಡ ನಿಂತೆ. "ಸರಿ, ಗಿಡ್ಡಿ," ಎಂದರು, ಡ್ರಮ್ಮಿನ ಹತ್ತಿರ ಅಂದಂತೆಯೇ.

ಅವರು ಹೋದ ಮೇಲೆ, ಸೇಡಂನಿಂದ ವಾಪಸು ತಂದಿದ್ದ ಆ ಮೂರನೆಯ ಬಾಟಲಿಯನ್ನು ಗೋಣಿಯಲ್ಲಿ ಸುತ್ತಿ ಪರಸಿಯ ಮೇಲಿಟ್ಟು ಒಡೆದೆ. ನಮ್ಮ ಬಾಟಲಿಗಳು ಗುಜರಿಯಿಂದ ತಂದ ಹಳೆಯ ಸೋಡಾ ಬಾಟಲಿಗಳು, ಹಸಿರು ಗಾಜು, ಕಿರಿದಾದ ಕೊರಳು. ಅವನ್ನೂ ಡ್ರಮ್ಮಿನಷ್ಟೇ ಹೊತ್ತು ಹುಳಿನೀರಲ್ಲಿ ನಿಲ್ಲಿಸಿದ್ದೆ, ಬ್ರಷ್ ಹಾಕಿದ್ದೆ, ಕುದಿಸಿದ್ದೆ. ತಳದ ಚೂರನ್ನು ತಿರುಗಿಸಿ ನೋಡಿದೆ. ಗಾಜು ಬಾಗುವ ಮೂಲೆಯಲ್ಲಿ, ಬ್ರಷ್ ಮುಟ್ಟದ ಕಡೆ, ಉಗುರಿನಷ್ಟು ಬಿಳಿ. ಹೊರಗಿನಿಂದ ಅದು ಕಾಣುವುದಿಲ್ಲ. ಒಳ್ಳೆಯ ಪಾನಕ ಬಂದ ಇನ್ನೊಂದು ಬಾಟಲಿಯನ್ನೂ ಒಡೆದೆ. ಅದರ ಮೂಲೆ ಸ್ವಚ್ಛ. ಒಡೆಯುವ ಮೊದಲು ಎರಡನ್ನೂ ಕಿಟಕಿಗೆ ಹಿಡಿದು ನೋಡಿದ್ದೆ. ನನ್ನ ಕಣ್ಣಿಗೆ ಎರಡೂ ಒಂದೇ.

ಈಗ ವೈನಿ ಪಾಲಿಶ್ ಮಾಡುತ್ತಿದ್ದಾರೆ, ಅಲ್ಲಿ ನೀರು ಬಿಡುವುದರಿಂದ ದೂಳು ಕಟಿಂಗಿಗಿಂತ ಕಡಿಮೆ. ಯುಗಾದಿಯ ನಂತರ ಕಟಿಂಗ್ ಮಷಿನ್ನಿಗೆ ಹಾಕುತ್ತೇನೆ ಎಂದು ಮುಕಾದಮ ಹೇಳಿದ್ದಾನೆ. ಸಂಜೆ ಬಂದವರು ಕೈಕಾಲು ತೊಳೆದು ಮೊದಲು ಕೇಳುವುದು, "ಇವತ್ತಿಂದು ಎಳೀ ಬಿಡ್ತೇನ?" ನಾನು ಒಂದು ಬಾಟಲಿ ತೆಗೆದು ಲೋಟಕ್ಕೆ ಬಗ್ಗಿಸುತ್ತೇನೆ. ಕೆಲವು ದಿನ ಸದ್ದು ಮಾಡುತ್ತಾ ಬೀಳುತ್ತದೆ, ಕೆಲವು ದಿನ ಇಳಿಯುತ್ತದೆ. ನನ್ನ ಡೈರಿಯ ಎರಡು ಕಾಲಮ್ಮೂ ಬೆಳೆಯುತ್ತಿವೆ.

ಇದನ್ನು ಓದುವವರಲ್ಲಿ ಯಾರಾದರೂ ಇಂಥ ಗಡಸು ನೀರಿನ ಊರಲ್ಲಿ ಬಾಟಲಿಗೆ ಏನಾದರೂ ಹುದುಗಿಸಿ ತುಂಬುವವರಿದ್ದರೆ, ಸೋಡಾ ಬಾಟಲಿ ತೊಳೆದವರಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ನನಗೆ ತಲುಪಿಸುತ್ತಾರೆ. ಹುಳಿನೀರಲ್ಲಿ ಎಷ್ಟು ಹೊತ್ತು ನಿಲ್ಲಿಸಬೇಕು? ಅಕ್ಕಿ ಹಾಕಿ ಕುಲುಕಿದರೆ ಆ ಮೂಲೆಗೆ ಮುಟ್ಟುತ್ತದೆಯೇ? ಹಸಿರು ಗಾಜಿನ ತಳದಲ್ಲಿ ಬಿಳಿ ಉಳಿದಿದೆಯೋ ಇಲ್ಲವೋ ಎಂದು ಬಾಟಲಿ ಒಡೆಯದೆ ತಿಳಿಯುವುದು ಹೇಗೆ? ಬ್ಲೀಚಿಂಗ್ ಹಾಕು ಎಂದು ಮಾತ್ರ ಬರೆಯಬೇಡಿ. ಯುಗಾದಿಯ ಒಳಗೆ ಬರೆದರೆ ಉಪಕಾರವಾಗುತ್ತದೆ.